ಕುರ್ಚಿ ಕೊಡ್ತಾರೆ, ಸಹಿ ಕೊಡ್ತಾರಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕುಮಟಾದವಳು. ಹದಿನಾಲ್ಕು ವರ್ಷದಿಂದ ಯುರೋಪಿನ ಒಂದು ನೆರವು ಸಂಸ್ಥೆಯ ಇಲ್ಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಘನಾಶಿನಿ ಹಿನ್ನೀರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ, ಮೀನು ಒಣಗಿಸುವ ಹೆಂಗಸರ ಸಂಘಗಳನ್ನು ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಅಲ್ಲಿನ ಮುಖ್ಯ ಕಚೇರಿಯಿಂದ ಮೇಲ್ ಬಂತು. ಇನ್ನು ಹದಿನೆಂಟು ತಿಂಗಳಲ್ಲಿ ಇಲ್ಲಿನ ಆಫೀಸನ್ನು ಸ್ಥಳೀಯರ ಕೈಗೇ ಒಪ್ಪಿಸುತ್ತಾರಂತೆ. ಮುಖ್ಯಸ್ಥೆ ನಾನೇ ಆಗಬೇಕಂತೆ. ಖುಷಿಯೂ ಆಯ್ತು, ಹೆದರಿಕೆಯೂ ಆಯ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಮುಂದೆ ದುಡ್ಡು ಬರುತ್ತಾ ಇಲ್ವಾ ಅಂತ ಯಾರೂ ಹೇಳುತ್ತಿಲ್ಲ. ಜೊತೆಯವರು ಈಗಲೇ ಮಾತು ಕಡಿಮೆ ಮಾಡಿದ್ದಾರೆ. ಒಪ್ಪಿಕೊಳ್ಳಲಾ? ಒಪ್ಪಿದರೆ ಏನೇನು ಕೇಳಬೇಕು?

ಉತ್ತರ: ಒಪ್ಪಿಕೊಳ್ಳಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಎಚ್ಚರಿಕೆಯ ಮಾತೇ. ಅದನ್ನು ಓದಿ ನೀವು ಹಿಂದೆ ಸರಿಯಬಾರದು. ಹದಿನಾಲ್ಕು ವರ್ಷ ಕೆಸರಿನಲ್ಲಿ ಕಾಲಿಟ್ಟು ನಿಂತವರಿಗಿಂತ ಆ ಕುರ್ಚಿಗೆ ಯೋಗ್ಯರು ಬೇರೆ ಯಾರಿದ್ದಾರೆ? ಆದರೆ ಅವರು ಹಾಕಿದ ತಾರೀಖಿಗೆ, ಅವರು ಬರೆದ ಷರತ್ತಿಗೆ ಒಪ್ಪಬೇಡಿ.

ನಾನೂ ಇದೇ ಹಾದಿಯಲ್ಲಿ ಬಂದವಳು. ಶಿರಸಿಯಿಂದ ಘಟ್ಟ ಇಳಿದು ಕಾರವಾರದಲ್ಲಿ ಫೀಲ್ಡ್ ಸ್ಟಾಫ್ ಆಗಿ ಸೇರಿದೆ. ಕೊನೆಯ ಆರು ವರ್ಷ ಅದೇ ಆಫೀಸಿನ ಮುಖ್ಯಸ್ಥೆಯಾಗಿದ್ದೆ. ಹಾಗಾಗಿ ಒಂದು ದಿನದ ಕಥೆ ಹೇಳುತ್ತೇನೆ.

2019ರ ಆಗಸ್ಟ್. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು, ಕಾಳಿ ದಡದ ಊರುಗಳಿಗೆಲ್ಲ ಹೊಳೆ ನುಗ್ಗಿತ್ತು. ಜನ ಶಾಲೆಗಳಲ್ಲಿ, ಎತ್ತರದಲ್ಲಿದ್ದ ನೆಂಟರ ಮನೆಗಳಲ್ಲಿ ತುಂಬಿಕೊಂಡಿದ್ದರು. ನಮಗೆ ತುರ್ತಾಗಿ ಬೇಕಿದ್ದದ್ದು ಅರವತ್ತು ತಾಡಪಾಲು. ಒಂದಕ್ಕೆ ಒಂಬೈನೂರು ರೂಪಾಯಿ, ಒಟ್ಟು 54,000. ನಾನು ಮುಖ್ಯಸ್ಥೆಯಾಗಿ ಒಂದು ವರ್ಷ ಆಗಿತ್ತು. ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡ್ ಇತ್ತು. ಆದರೆ ನನ್ನ ಸಹಿ ನಡೆಯುತ್ತಿದ್ದದ್ದು 25,000 ರೂಪಾಯಿವರೆಗೆ ಮಾತ್ರ. ಅದಕ್ಕೆ ಮೇಲಾದರೆ ಹೊರದೇಶದಿಂದ ಮೇಲ್ ಬರಬೇಕು. ಅಲ್ಲಿ ವಾರದ ರಜೆ. ಫೋನ್ ಮಾಡಿದರೆ ಎತ್ತಲಿಲ್ಲ. ಪೇಟೆಯ ಅಂಗಡಿಯವರ ಹತ್ತಿರ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, "ಅಕ್ಕೋರೆ, ದುಡ್ಡಿನ ಮಾತು ಆಮೇಲೆ. ಮೊದಲು ಗಾಡಿಗೆ ಹಾಕ್ಸಿ" ಅಂದರು. ತಾವೇ ಗೋದಾಮಿಗೆ ಹೋಗಿ, ಮಳೆಯಲ್ಲಿ ನೆನೆಯುತ್ತಾ ಕಟ್ಟು ಕಟ್ಟಿಸಿ ಕೊಟ್ಟರು. ಮಂಗಳವಾರ ಮೇಲ್ ಬಂತು. ಮೂರು ಕೊಟೇಶನ್ ಯಾಕೆ ತೆಗೆದುಕೊಂಡಿಲ್ಲ ಅಂತ ಅದರಲ್ಲಿ ಕೇಳಿದ್ದರು.

ಆ ಅಂಗಡಿಯವರು ನನ್ನನ್ನು ನಂಬಿದಷ್ಟು ನನ್ನ ಸಂಸ್ಥೆ ನಂಬಿರಲಿಲ್ಲ. ಅದು ನನಗೆ ಅವತ್ತು ಗೊತ್ತಾಯ್ತು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ಹೇಳುತ್ತೇನೆ, ನೀವು ಮೊದಲು ಕೇಳಬೇಕಾದದ್ದು ಹುದ್ದೆಯ ಹೆಸರನ್ನಲ್ಲ. ನಿಮ್ಮ ಸಹಿ ಎಷ್ಟು ರೂಪಾಯಿವರೆಗೆ ನಡೆಯುತ್ತದೆ? ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ಯಾರ ತೀರ್ಮಾನ? ಅವರು ಕಳಿಸಿದ ಪ್ರಾಜೆಕ್ಟ್ ನಮ್ಮ ಊರಿಗೆ ಆಗಿಬರುವುದಿಲ್ಲ ಅನ್ನಿಸಿದರೆ, "ಬೇಡ" ಅನ್ನುವ ಅಧಿಕಾರ ನಿಮಗಿದೆಯಾ? ಈ ಮೂರನ್ನೂ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಎಲ್ಲರೂ "ಖಂಡಿತ" ಅನ್ನುತ್ತಾರೆ.

"ಬೇಡ" ಅನ್ನುವುದು ಯಾಕಷ್ಟು ಮುಖ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊರಗೆ ಧೋ ಅಂತ ಮಳೆ. ಮೀನು ಒಣಗಿಸುವ ಹೆಂಗಸರಿಗೆ ಆ ಎರಡು ತಿಂಗಳು ಕೈಯಲ್ಲಿ ಕಾಸಿರುವುದಿಲ್ಲ. ತರಬೇತಿಗೆ ಬನ್ನಿ ಅಂದರೆ ಬರುವ ಕಾಲ ಅದು. ಆದರೆ ಹೊರಗಿನವರ ಲೆಕ್ಕದ ವರ್ಷ ಸಾಮಾನ್ಯವಾಗಿ ಡಿಸೆಂಬರ್‌ಗೆ ಮುಗಿಯುತ್ತದೆ. ಉಳಿದ ದುಡ್ಡು ಮುಗಿಸಬೇಕು ಅಂತ ಡಿಸೆಂಬರ್‌ನಲ್ಲಿ ಒಂದರ ಮೇಲೊಂದು ತರಬೇತಿ ಇಡುತ್ತಾರೆ. ಮೀನಿನ ಸೀಸನ್‌ನಲ್ಲಿ ದಿನದ ದುಡಿಮೆ ಬಿಟ್ಟು ಯಾರು ಬರುತ್ತಾರೆ? ಬಂದವರೂ ಮನಸ್ಸಿಲ್ಲದೆ ಕೂತಿರುತ್ತಾರೆ. ಡಿಸೆಂಬರ್‌ನ ಆ ತರಬೇತಿಗಳನ್ನು ಜೂನ್‌ಗೆ ತರಲು ನಿಮ್ಮೊಬ್ಬರ ಸಹಿ ಸಾಕು ಅನ್ನುವ ಹಾಗಾದರೆ, ನಾಯಕತ್ವ ನಿಜವಾಗಿ ಕೈಗೆ ಬಂತು ಅಂತ ತಿಳಿಯಿರಿ.

ಈಗ ಅವರು ಯಾಕೆ ಕೊಡುತ್ತಿದ್ದಾರೆ ಅನ್ನುವುದನ್ನೂ ನೋಡೋಣ. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಮಾನವೀಯ ಶೃಂಗಸಭೆ ನಡೆಯಿತು. ದೊಡ್ಡ ದಾನಿ ದೇಶಗಳು, ದೊಡ್ಡ ಸಂಸ್ಥೆಗಳು ಸೇರಿ 'ಗ್ರ್ಯಾಂಡ್ ಬಾರ್ಗೇನ್' ಅನ್ನುವ ಒಪ್ಪಂದ ಮಾಡಿಕೊಂಡವು. ಮಾನವೀಯ ನೆರವಿನ ಹಣದಲ್ಲಿ ಶೇ 25ರಷ್ಟನ್ನು 2020ರ ಒಳಗೆ ಆದಷ್ಟು ನೇರವಾಗಿ ಸ್ಥಳೀಯ ಮತ್ತು ರಾಷ್ಟ್ರೀಯ ಸಂಸ್ಥೆಗಳಿಗೇ ಕೊಡುತ್ತೇವೆ ಅಂದರು. ಗಡುವು ಮುಗಿದು ವರ್ಷಗಳೇ ಆದವು. ನೇರವಾಗಿ ತಲುಪುವ ಪಾಲು ಇನ್ನೂ ನೂರಕ್ಕೆ ಕೆಲವೇ ರೂಪಾಯಿ. 2021ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಕೂಡ ನಾಲ್ಕು ವರ್ಷದಲ್ಲಿ ಶೇ 25 ಅಂತ ಮಾತು ಕೊಟ್ಟಿತು. 2025ರ ಜುಲೈ ಹೊತ್ತಿಗೆ ಆ ಸಂಸ್ಥೆಯನ್ನೇ ಮುಚ್ಚಿ, ಉಳಿದ ಕೆಲಸವನ್ನು ಅವರ ವಿದೇಶಾಂಗ ಇಲಾಖೆಗೆ ಸೇರಿಸಿದರು.

ಹಾಗಾಗಿ ಹಸ್ತಾಂತರ ಅಂದ ತಕ್ಷಣ ಎರಡು ಬೇರೆ ಬೇರೆ ಸಂಗತಿ ಇರಬಹುದು. ಒಂದು, ಇಲ್ಲಿನವರು ಇಲ್ಲಿಯದನ್ನು ನಡೆಸಲಿ ಅನ್ನುವ ನಂಬಿಕೆ. ಇನ್ನೊಂದು, ಅಲ್ಲಿ ಹಣ ಕಡಿಮೆಯಾಗಿದೆ, ಜಾಗ ಖಾಲಿ ಮಾಡಬೇಕು, ಅದಕ್ಕೊಂದು ಮರ್ಯಾದೆಯ ಹೆಸರು ಬೇಕು. ನಿಮ್ಮದು ಯಾವುದು ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು: "ಹಸ್ತಾಂತರ ಆದ ಮೇಲೆ ಮೂರು ವರ್ಷ, ವರ್ಷಕ್ಕೆ ಎಷ್ಟು ಹಣ ಕೊಡ್ತೀರಿ?" ಉತ್ತರದಲ್ಲಿ ಅಂಕಿ ಇದ್ದರೆ ಮೊದಲನೆಯದು. ಬರೀ ಹೊಗಳಿಕೆ ಇದ್ದರೆ ಎರಡನೆಯದು.

ನಮ್ಮ ಕರಾವಳಿಗೆ ಇದು ಹೊಸದೇನಲ್ಲ. 1952ರಲ್ಲಿ ನಾರ್ವೆ, ಭಾರತ, ವಿಶ್ವಸಂಸ್ಥೆ ಸೇರಿ ಕೇರಳದಲ್ಲಿ ಒಂದು ಮೀನುಗಾರಿಕೆ ಯೋಜನೆ ಶುರು ಮಾಡಿದವು. ನೀಂಡಕರ, ಶಕ್ತಿಕುಳಂಗರದ ಹಳ್ಳಿಗಳಿಗೆ ಯಂತ್ರದ ದೋಣಿ, ಐಸ್ ಪ್ಲಾಂಟ್, ಆಸ್ಪತ್ರೆ, ಕುಡಿಯುವ ನೀರು ಬಂತು. ಅರವತ್ತರ ದಶಕದಲ್ಲಿ ಅದೇ ಯೋಜನೆ ಕಾರವಾರಕ್ಕೂ ಬಂತು. 1972ರಲ್ಲಿ ನಾರ್ವೆಯವರು ಎಲ್ಲವನ್ನೂ ಭಾರತಕ್ಕೆ ಒಪ್ಪಿಸಿ ಹೊರಟರು. ಹೆಸರೂ ಬದಲಾಯ್ತು. ಇಪ್ಪತ್ತು ವರ್ಷ ತೆಗೆದುಕೊಂಡರು, ಇಲ್ಲಿನವರಿಗೆ ಕೆಲಸ ಕಲಿಸಿದರು, ಅದು ಒಳ್ಳೆಯದೇ. ಆದರೆ ಶುರುವಿನಲ್ಲಿ ಹೇಳಿದ್ದು ಹಳ್ಳಿಯ ಮೀನುಗಾರರ ಬದುಕು ಮೇಲೆತ್ತುವ ಮಾತು. ಮುಂದೆ ಸಿಗಡಿ ರಫ್ತಿಗೆ ಬೆಲೆ ಬಂತು, ಲಾಭ ದೋಣಿ ಮಾಲೀಕರ ಮತ್ತು ವ್ಯಾಪಾರಿಗಳ ಕಡೆ ಜಾಸ್ತಿ ಹರಿಯಿತು. ಹಸ್ತಾಂತರ ಆದದ್ದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಅದರಲ್ಲಿ ಸಹಿ ಇರಲಿಲ್ಲ. ನಿಮ್ಮ ವಿಷಯದಲ್ಲೂ ಈ ಪ್ರಶ್ನೆ ಬರುತ್ತದೆ. ಆಮೇಲೆ ಬರುತ್ತೇನೆ ಅದಕ್ಕೆ.

ಮೊದಲು ಕಾನೂನು. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ವಿದೇಶದಿಂದ ದೇಣಿಗೆ ಪಡೆಯಬೇಕಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದು 2010ರ ಕಾಯ್ದೆ. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ತಿದ್ದುಪಡಿ ಬಂತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ ಅಂತ ಆಯ್ತು. ಬೇರೆ ದೇಶಗಳಲ್ಲಿ ದೊಡ್ಡ ಸಂಸ್ಥೆ ಹಣ ತಂದು ಕೆಳಗಿನ ಸಣ್ಣ ಸಂಸ್ಥೆಗೆ ಹಂಚುತ್ತದೆ, ಸಣ್ಣದು ನಿಧಾನವಾಗಿ ಬೆಳೆಯುತ್ತದೆ. ಇಲ್ಲಿ ಆ ದಾರಿ ಮುಚ್ಚಿದೆ. ಅಂದರೆ ಕುಮಟಾದಲ್ಲಿ ನೀವು ಹೊಸ ಸಂಘ ಕಟ್ಟಿದರೆ ಅದಕ್ಕೆ ಸ್ವಂತ ಎಫ್‌ಸಿಆರ್‌ಎ ಇರಲೇಬೇಕು. ಅದು ಸಿಗಬೇಕಾದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು. ಆ ಮೂರು ವರ್ಷದಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹದಿನೆಂಟು ತಿಂಗಳ ಲೆಕ್ಕ ಇಲ್ಲೇ ಕುಸಿದುಬೀಳುತ್ತದೆ, ಅಲ್ವಾ? ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತ ಪಡೆಯಲು ಪೂರ್ವಾನುಮತಿ ಅಂತ ಒಂದು ದಾರಿ ಇದೆ. ಆದರೆ ಅದನ್ನೇ ನಂಬಿ ಹದಿನೆಂಟು ತಿಂಗಳ ಯೋಜನೆ ಹಾಕಬೇಡಿ.

ಆದ್ದರಿಂದ ನಾಳೆಯೇ ನಿಮ್ಮ ಅಕೌಂಟೆಂಟ್ ಹತ್ತಿರ ಒಂದು ವಿಷಯ ಕೇಳಿ: ಈಗಿನ ನಮ್ಮ ಆಫೀಸು ಕಾಗದದ ಮೇಲೆ ಏನು? ಭಾರತದಲ್ಲಿ ನೋಂದಾಯಿಸಿದ ಸೊಸೈಟಿಯೋ, ಟ್ರಸ್ಟೋ, ಅಥವಾ ಹೊರದೇಶದ ಸಂಸ್ಥೆಯ ಶಾಖೆಯೋ? ಇಲ್ಲಿನದೇ ಸೊಸೈಟಿಯಾಗಿದ್ದು, ಎಫ್‌ಸಿಆರ್‌ಎ ಅದರ ಹೆಸರಿನಲ್ಲೇ ಇದ್ದರೆ ನಿಮ್ಮ ಅದೃಷ್ಟ. ಹೊಸದು ಕಟ್ಟಬೇಡಿ. ಅದನ್ನೇ ಉಳಿಸಿಕೊಂಡು ಆಡಳಿತ ಮಂಡಳಿ ಬದಲಾಯಿಸಿ, ಬದಲಾವಣೆಯನ್ನು ಸಕಾಲಕ್ಕೆ ಕೇಂದ್ರ ಗೃಹ ಸಚಿವಾಲಯಕ್ಕೆ ತಿಳಿಸಿ. ಇನ್ನೊಂದು ಕಾರಣಕ್ಕೂ ಇದು ಮುಖ್ಯ. ನೋಂದಣಿ ರದ್ದಾದರೆ ಅಥವಾ ಬಿಟ್ಟುಕೊಟ್ಟರೆ, ವಿದೇಶಿ ಹಣದಿಂದ ಕೊಂಡ ಆಸ್ತಿಯೆಲ್ಲ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಕೈಗೆ ಹೋಗುತ್ತದೆ. ಜೀಪು, ಕಂಪ್ಯೂಟರ್, ಹೆಂಗಸರು ದಿನಾ ಬಳಸುವ ಮೀನು ಒಣಗಿಸುವ ಡ್ರೈಯರ್, ಎಲ್ಲ. ಹಳೆಯದನ್ನು ಮುಚ್ಚಿ ಹೊಸದಾಗಿ ಶುರು ಮಾಡೋಣ ಅಂತ ಯಾರಾದರೂ ಸುಲಭವಾಗಿ ಹೇಳಿದರೆ ಈ ಮಾತು ನೆನಪಿಸಿ. ಶಾಖೆ ಅಂತಾದರೆ ಹಸ್ತಾಂತರಕ್ಕೆ ಮೂರು ವರ್ಷಕ್ಕಿಂತ ಕಡಿಮೆ ಗಡುವು ಒಪ್ಪಬೇಡಿ. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಸಹಿ ಹಾಕುವ ಮೊದಲು ಈ ಕೆಲಸದಲ್ಲಿ ಪಳಗಿದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಗೆ ತೋರಿಸಿ. ಅವರ ಫೀಸು ಹೊರಗಿನ ಕಚೇರಿಯೇ ಕೊಡಲಿ.

ಸಂಬಳದ ಮಾತು ಬಂದಾಗ ನಾಚಿಕೆ ಬೇಡ. 2020ರ ತಿದ್ದುಪಡಿಯಲ್ಲೇ ಇನ್ನೊಂದಿದೆ. ಆಡಳಿತ ವೆಚ್ಚ ಮೊದಲು ಶೇ 50ರವರೆಗೆ ಮಾಡಬಹುದಿತ್ತು, ಈಗ ಶೇ 20. ವರ್ಷಕ್ಕೆ ಐವತ್ತು ಲಕ್ಷ ಬಂದರೆ ಆಡಳಿತಕ್ಕೆ ಹತ್ತು ಲಕ್ಷ. ನಿಮ್ಮ ಸಂಬಳ, ಲೆಕ್ಕ ಬರೆಯುವವರ ಸಂಬಳ, ಆಫೀಸ್ ಬಾಡಿಗೆ, ಕರೆಂಟು, ಆಡಿಟ್ ಎಲ್ಲ ಅದರೊಳಗೇ ಬರಬೇಕು. ಹೊರಗಿನಿಂದ ಬಂದ ಮುಖ್ಯಸ್ಥರಿಗೆ ಅಲ್ಲಿಂದಲೇ ಸಂಬಳ ಬರುತ್ತಿದ್ದರೆ ಅದು ಇಲ್ಲಿನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಇಲ್ಲಿನವರು ಆ ಜಾಗಕ್ಕೆ ಬಂದ ಕೂಡಲೇ ಸೇರುತ್ತದೆ. ಆಗ ಏನಾಗುತ್ತದೆ? ಅದೇ ಕೆಲಸ, ಕಾಲುಭಾಗ ಸಂಬಳ, ದುಪ್ಪಟ್ಟು ಹೊಣೆ. "ಊರಿನ ಸೇವೆ ಅಲ್ವಾ" ಅನ್ನುವ ಮಾತು ನಿಮಗೂ ಬರುತ್ತದೆ. ನಿಮ್ಮ ಮಕ್ಕಳ ಕಾಲೇಜಿನ ಫೀಸು ಸೇವೆಯಿಂದ ಕಟ್ಟಲಾಗುವುದಿಲ್ಲ. ಹದಿನಾಲ್ಕು ವರ್ಷದ ಪಿಎಫ್, ಗ್ರಾಚ್ಯುಟಿ ಬಾಕಿ ಎಷ್ಟು, ಯಾರು ಕೊಡುತ್ತಾರೆ ಅನ್ನುವುದನ್ನು ನಿಮಗೊಬ್ಬರಿಗಲ್ಲ, ಎಲ್ಲ ಸಿಬ್ಬಂದಿಗೂ ಸೇರಿಸಿ ಕೇಳಿ. ಜೊತೆಯವರು ಮಾತು ಬಿಟ್ಟಿದ್ದಾರೆ ಅಂದಿರಲ್ಲ. ಅವರ ಬಾಕಿಗಾಗಿ ನೀವು ಮೊದಲ ಪತ್ರ ಬರೆದಿದ್ದೀರಿ ಅಂತ ಗೊತ್ತಾದ ದಿನ ಆ ಮಾತು ತಿರುಗಿ ಶುರುವಾಗುತ್ತದೆ.

ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಸಿಕೊಳ್ಳಿ. ಯಾವ ಬೀಜ ಯಾವ ತಾಯಿಮರದಿಂದ, ಯಾವಾಗ ತೆಗೆಯಬೇಕು ಅಂತ ಅವರಿಗೆ ಗೊತ್ತಿದ್ದಷ್ಟು ಎಷ್ಟು ಜನರಿಗೆ ಗೊತ್ತಿತ್ತು? ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದ ಮೇಲೆ ಕೆಲಸ ಕಾಯಂ ಆಯ್ತು. ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿತ್ತು. ಗೊತ್ತಿರುವವರಿಗೆ ಕೊನೆಗೆ ಕೊಡುವ ಈ ಅಭ್ಯಾಸ ನಮ್ಮಲ್ಲೂ ಇದೆ, ಹೊರಗಿನವರಲ್ಲೂ ಇದೆ.

ಹಣದ ಮೂಲ ಒಂದೇ ಆದರೆ ಅಪಾಯ. ಆಕ್ಷನ್‌ಏಡ್ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಸ್ಥೆ. ತನ್ನ ಅಂತರರಾಷ್ಟ್ರೀಯ ಕಚೇರಿಯನ್ನೇ 2004ರ ಹೊತ್ತಿಗೆ ಜೋಹಾನ್ಸ್‌ಬರ್ಗ್‌ಗೆ ತೆಗೆದುಕೊಂಡು ಹೋಯಿತು. ಭಾರತದಲ್ಲಿ 2006ರಲ್ಲಿ ಭಾರತೀಯ ಸೊಸೈಟಿಯಾಗಿ ನೋಂದಾಯಿಸಿಕೊಂಡಿತು. ಆಕ್ಸ್‌ಫಾಮ್ ಇಂಡಿಯಾ ಕೂಡ 2008ರಲ್ಲಿ ಭಾರತೀಯ ಸಂಸ್ಥೆಯಾಯ್ತು, ಭಾರತೀಯ ಮಂಡಳಿ, ಭಾರತೀಯ ಮುಖ್ಯಸ್ಥರು. ಆದರೆ ಅದರ ಎಫ್‌ಸಿಆರ್‌ಎ ನವೀಕರಣ ಆಗಲಿಲ್ಲ, 2022ರ ಜನವರಿಯಿಂದ ವಿದೇಶಿ ಹಣ ನಿಂತಿತು, ಕೆಲಸಗಳು ಕುಗ್ಗಿದವು. ಅದರ ಸರಿ ತಪ್ಪಿಗೆ ಈಗ ಹೋಗುವುದಿಲ್ಲ. ನಿಮಗೆ ಬೇಕಾದದ್ದು ಇಷ್ಟು: ನಾಯಕತ್ವ ಸ್ಥಳೀಯವಾಗಿ, ಹಣ ಪೂರ್ತಿ ಹೊರಗಿನದೇ ಆಗಿದ್ದರೆ, ಒಂದು ಆದೇಶ ಸಾಕು. ಆರು ತಿಂಗಳ ಖರ್ಚಿನಷ್ಟು ಮೊತ್ತವನ್ನು ಭಾರತದಲ್ಲೇ ಎತ್ತಿ ಠೇವಣಿ ಇಡಿ. ಅದನ್ನು ಎತ್ತಲು ಬೇಕಾದ ಒಬ್ಬ ಸಿಬ್ಬಂದಿಗೆ ಎರಡು ವರ್ಷ ಸಂಬಳ ಕೊಡಿ ಅಂತ ಈಗಿನವರನ್ನೇ ಕೇಳಿ. ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣ ಇದೆ. ಊರು ಬಿಟ್ಟು ಮುಂಬೈ, ಬೆಂಗಳೂರು ಸೇರಿದ ನಮ್ಮ ಜನ ಇದ್ದಾರೆ. ಶಿರಸಿಯಲ್ಲಿ 1923ರಲ್ಲಿ ಅಡಿಕೆ ಬೆಳೆಗಾರರು ತಾವೇ ಸೇರಿ ತಮ್ಮ ಸಹಕಾರ ಸಂಘ ಟಿಎಸ್‌ಎಸ್ ಕಟ್ಟಿದರು. ನೂರು ವರ್ಷ ದಾಟಿದೆ. ನಮ್ಮ ಜಿಲ್ಲೆಯಲ್ಲಿ ಹಣ ಕೂಡಿಸುವ ಬುದ್ಧಿ ಇಲ್ಲ ಅಂತ ಯಾರೂ ಹೇಳಲಾರರು.

ಇನ್ನು, ಸ್ಥಳೀಯರು ಅಂದರೆ ಯಾರು? ಯುರೋಪಿನವರಿಗೆ ಬೆಂಗಳೂರಿನವರೂ ಸ್ಥಳೀಯರೇ. ಬೆಂಗಳೂರಿನವರಿಗೆ ನೀವು ಸ್ಥಳೀಯರು. ಬಳಚು ಹೆಕ್ಕುವ ಹೆಂಗಸಿಗೆ? ನೀವೂ "ಆಫೀಸಿನ ಅಕ್ಕೋರು". ಬೇಸರ ಮಾಡಿಕೊಳ್ಳಬೇಡಿ, ನನಗೂ ಹಾಗೇ ಕರೆಯುತ್ತಿದ್ದರು. ಹೊಸ ಆಡಳಿತ ಮಂಡಳಿ ಮಾಡುವಾಗ ಕುಮಟಾ ಪೇಟೆಯ ವಕೀಲರು, ನಿವೃತ್ತ ಪ್ರೊಫೆಸರು, ಬ್ಯಾಂಕ್ ಮ್ಯಾನೇಜರು ಸಲೀಸಾಗಿ ಸಿಗುತ್ತಾರೆ. ಅವರು ಬೇಕು. ಆದರೆ ಅಂಬಿಗರ, ಹರಿಕಂತ್ರರ, ಹಾಲಕ್ಕಿಗಳ ಕೇರಿಯಿಂದ ಕಡಿಮೆಯೆಂದರೆ ಮೂವರು ಹೆಂಗಸರು ಆ ಮಂಡಳಿಯಲ್ಲಿರಲಿ. ಒಬ್ಬರನ್ನು ಕೂರಿಸಿದರೆ ಅವರು ಮಾತಾಡುವುದಿಲ್ಲ. ಮೂವರಿದ್ದರೆ ಒಬ್ಬರನ್ನೊಬ್ಬರು ನೋಡಿಕೊಂಡು ಬಾಯಿ ಬಿಡುತ್ತಾರೆ. ಸಭೆ ಇಳಿತದ ಹೊತ್ತಿಗೆ ಇಡಬೇಡಿ. ಅದು ಅವರ ದುಡಿಮೆಯ ಹೊತ್ತು.

ಅವರ ಮಾತು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮೈರಾಡ 1968ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ಶುರುವಾದ ಸಂಸ್ಥೆ. ಆಮೇಲೆ ಹಳ್ಳಿಯ ಬಡವರ ಕಡೆ ತಿರುಗಿತು. ಎಂಬತ್ತರ ದಶಕದ ಮಧ್ಯದಲ್ಲಿ ಅದು ಬೆಂಬಲಿಸಿದ್ದ ಸಹಕಾರ ಸಂಘಗಳು ಒಡೆದವು. ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಬಂದರು. ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕಲ್ಲ, ನಿಮಗೆ ಅಂದರು. ಸಂಸ್ಥೆ ಅದನ್ನು ಶಿಸ್ತು ತಪ್ಪಿದ್ದು ಅಂತ ನೋಡಲಿಲ್ಲ. ಆ ಹಣವನ್ನು ನೀವೇ ಗುಂಪಾಗಿ ಇಟ್ಟುಕೊಳ್ಳಿ, ನೀವೇ ನಡೆಸಿ ಅಂದಿತು. ಇವತ್ತು ನಾವು ನೋಡುವ ಸ್ವಸಹಾಯ ಸಂಘದ ಬೇರುಗಳಲ್ಲಿ ಅದೂ ಒಂದು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು.

ಊರಿನವರೇ ಮುಖ್ಯಸ್ಥರಾದಾಗ ಬರುವ ಒಂದು ಕಷ್ಟವನ್ನು ಯಾರೂ ಮುಂಚೆ ಹೇಳುವುದಿಲ್ಲ. ಹೊರಗಿನ ಬಾಸ್ ಹತ್ತಿರ ಯಾರೂ ಹೋಗಿ "ನಮ್ಮ ಹುಡುಗನಿಗೊಂದು ಕೆಲಸ ಕೊಡ್ಸಿ" ಅನ್ನುವುದಿಲ್ಲ. ನಿಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. ಅತ್ತಿಗೆಯ ತಮ್ಮ, ಪಂಚಾಯ್ತಿ ಸದಸ್ಯರು, ಜಾತಿ ಸಂಘದವರು. ಇಲ್ಲ ಅಂದರೆ ಮದುವೆ ಮನೆಯಲ್ಲಿ ಮುಖ ತಿರುಗಿಸುತ್ತಾರೆ. ನನಗೆ ಹಾಗೆ ಎರಡು ಮನೆ ದೂರವಾದವು, ಒಂದು ಇನ್ನೂ ಹತ್ತಿರ ಆಗಿಲ್ಲ. ಇದಕ್ಕೆ ಮೊದಲ ದಿನವೇ ಕಟ್ಟು ಹಾಕಿ. ಕೆಲಸಕ್ಕೆ ಆಯ್ಕೆ ಮಾಡುವುದು ಮೂವರ ಸಮಿತಿ, ಅದರಲ್ಲಿ ಒಬ್ಬರು ಜಿಲ್ಲೆಯ ಹೊರಗಿನವರು, ಮುಖ್ಯಸ್ಥರ ಸಂಬಂಧಿಕರು ಅರ್ಜಿ ಹಾಕುವ ಹಾಗಿಲ್ಲ. ಇದು ಬೈಲಾದಲ್ಲೇ ಇರಲಿ. ಆಗ "ನನ್ನ ಕೈಯಲ್ಲಿ ಇಲ್ಲ ಮಾರಾಯ್ರೆ" ಅಂದರೆ ಅದು ನಿಜವೇ ಆಗಿರುತ್ತದೆ.

ಇಂಗ್ಲಿಷ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರದಿ ಕನ್ನಡದಲ್ಲಿ ಬರೆಯಿರಿ, ಅನುವಾದದ ಖರ್ಚು ಬಜೆಟ್‌ನಲ್ಲಿ ಹಾಕಿ. ಇಂಗ್ಲಿಷ್ ಬರೆಯುವವರು ಸಂಬಳಕ್ಕೆ ಸಿಗುತ್ತಾರೆ. ಯಾವ ಹೆಂಗಸಿನ ಗಂಡ ಸಂಘದ ದುಡ್ಡಿಗೆ ಕೈ ಹಾಕುತ್ತಾನೆ ಅಂತ ತಿಳಿದವರು ಸಂಬಳಕ್ಕೆ ಸಿಗುವುದಿಲ್ಲ.

ಈಗಿನ ಮುಖ್ಯಸ್ಥರು "ಸಲಹೆಗಾರರಾಗಿ" ಉಳಿಯುತ್ತಾರೆ ಅಂತ ಮೇಲ್‌ನಲ್ಲಿ ಇದೆಯಾ ನೋಡಿ. ಆರು ತಿಂಗಳು ಸಾಕು, ಅದೂ ನೀವು ಕರೆದಾಗ ಮಾತ್ರ. ಹಳೆಯವರು ಪಕ್ಕದ ಕೋಣೆಯಲ್ಲೇ ಕೂತಿದ್ದರೆ ಸಿಬ್ಬಂದಿ ಫೈಲು ಹಿಡಿದು ಆ ಬಾಗಿಲಿಗೇ ಹೋಗುತ್ತಾರೆ. ಹೊಸದರಲ್ಲಿ ನೀವೂ ಹೋಗುತ್ತೀರಿ.

ಉತ್ತರ ಬರೆಯುವ ಮೊದಲು ಸಂಘದ ಹೆಂಗಸರಲ್ಲಿ ಮಾತಿಗೆ ಗಟ್ಟಿ ಇರುವ ನಾಲ್ಕೈದು ಜನರನ್ನು ಕೂರಿಸಿಕೊಂಡು ಆ ಮೇಲ್ ಅನ್ನು ಕನ್ನಡದಲ್ಲಿ ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅದೇ ನಿಮ್ಮ ಉತ್ತರದ ಮೊದಲ ಪುಟ ಆಗಲಿ. ಮುಖ್ಯಸ್ಥೆ ಆದ ಮೇಲೆ ವಾರಕ್ಕೊಂದು ದಿನ ತದಡಿ ಬಂದರಿಗೆ ಹೋಗುವುದು ಬಿಡಬೇಡಿ. ಡೈರಿಯಲ್ಲಿ ಆ ದಿನಕ್ಕೆ ಬೇರೇನೂ ಬರೆಯಬೇಡಿ. ದೆಹಲಿಯಿಂದ ಫೋನ್ ಬಂದರೂ ಸಂಜೆ ಮಾಡುತ್ತೇನೆ ಅನ್ನಿ. ಅವರ ಉತ್ತರ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಅಂಕಿ ಇದೆಯಾ, ಹೊಗಳಿಕೆ ಇದೆಯಾ ಅಂತ ಒಟ್ಟಿಗೆ ಕೂತು ಓದೋಣ.